ಜಾವಾ ಟ್ಯಾಂಕಿನ ನೆಗ್ಗು

ಮುಳಬಾಗಿಲು
೨೩–೧೧–೨೦೦೧, ಶುಕ್ರವಾರ ಸಂಜೆ

ನಂದಕಿಶೋರ್ ಅವರಿಗೆ,

ಅನಂತಲಕ್ಷ್ಮಿಯ ನಮಸ್ಕಾರಗಳು. ನಾವೆಲ್ಲ ಕ್ಷೇಮ ಅಂತ ಬರೆದು ಮುಂದೆ ಹೋಗುವುದು ವಾಡಿಕೆ. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ. ಚಳಿ ಶುರುವಾದ ಮೇಲೆ ಅತ್ತೆಯವರ ಕೀಲುನೋವು ಜಾಸ್ತಿಯಾಗಿದೆ. ವಿಭಾಗೆ ಕೆಮ್ಮು. ನನ್ನ ಬಲ ಮಂಡಿ ಸ್ಕೂಲಿನ ಮೆಟ್ಟಿಲು ಹತ್ತುವಾಗ ಇನ್ನೂ ಚುಳುಕ್ ಅನ್ನುತ್ತದೆ. ನೀವು ಕೇಳಿಲ್ಲ, ಆದರೂ ಬರೆದಿದ್ದೇನೆ.

ನಿಮ್ಮ ಮೂರು ಕಾಗದಗಳೂ ಬಂದಿವೆ. ಮೊದಲನೆಯದರಲ್ಲಿ, ಜಾವಾ ಬೈಕಿನ ಟ್ಯಾಂಕಿನ ನೆಗ್ಗು ಎಷ್ಟು ದೊಡ್ಡದು, ಅಂಗೈಯಷ್ಟೋ ಹೆಬ್ಬೆರಳಿನಷ್ಟೋ ನೋಡಿ ತಿಳಿಸು ಅಂತ ಕೇಳಿದ್ದಿರಿ. ದೀಪಾವಳಿಗೆ ಎರಡು ದಿನ ಮುಂಚೆ ಬಂದದ್ದರಲ್ಲಿ, ನೆಗ್ಗಿನ ಸುತ್ತ ಕ್ರೋಮ್ ಎದ್ದಿದ್ದರೆ ಯಾರೂ ಬಟ್ಟೆ ಹಾಕಿ ಉಜ್ಜಬಾರದು ಅಂತ ಇತ್ತು. ಕೊನೆಯ ಸಾಲಿನಲ್ಲಿ ಹಬ್ಬಕ್ಕೆ ಬರಲಾಗುವುದಿಲ್ಲ, ಬ್ಯಾಂಕಿನಲ್ಲಿ ಕೆಲಸ ಅಂತ. ವಿಭಾ ಅಪ್ಪನಿಗೋಸ್ಕರ ಅಂತ ಒಂದು ಪೊಟ್ಟಣ ಸುರುಸುರು ಬತ್ತಿ ಎತ್ತಿಟ್ಟಿದ್ದಳು. ಮಾಲೂರಿನಿಂದ ಮುಳಬಾಗಿಲಿಗೆ ಎರಡು ಬಸ್ಸು ಬದಲಾಯಿಸಿದರೆ ಮನೆ. ಹಬ್ಬದ ದಿನ ಯಾವ ಬ್ಯಾಂಕು ತೆರೆದಿರುತ್ತದೆ, ನೀವೇ ಹೇಳಿ.

ಮೂರನೆಯದು ಮೊನ್ನೆ ಬುಧವಾರ ಬಂತು. ನಾಲ್ಕೇ ಸಾಲು. ಬೆಂಗಳೂರಿನಲ್ಲಿ ಹಳೇ ಗಾಡಿ ಸಂಗ್ರಹ ಮಾಡುವವರೊಬ್ಬರು ಮುಂದಿನ ಭಾನುವಾರ ವ್ಯಾನು ತರುತ್ತಾರೆ, ಜಾವಾನ ಅವರಿಗೆ ಕೊಟ್ಟುಬಿಡು, ಇನ್ನು ಆ ಗಾಡಿ ನಮ್ಮ ಮನೆಯಲ್ಲಿ ಬೇಡ. ಅಷ್ಟೆ. ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ಹುರುಳಿಕಾಯಿ ಬಿಡಿಸುತ್ತಿದ್ದವರು ಮೊರ ಪಕ್ಕಕ್ಕಿಟ್ಟು, “ಇನ್ನೊಂದ್ಸಲ ಓದು” ಅಂದರು. ಓದಿದೆ. “ಅವನ ಕಾಗದಕ್ಕೆ ಉತ್ತರ ಬರಿ ಲಕ್ಷ್ಮೀ, ಪೂರ್ತಿ ಬರಿ, ಯಾವುದೂ ಮುಚ್ಚಿಡಬೇಡ” ಅಂದರು.

ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ನಿಮಗೆ ಹೇಳಿದ್ದು ಅರ್ಧಕ್ಕಿಂತ ಕಡಿಮೆ.

ಸೆಪ್ಟೆಂಬರ್ ಇಪ್ಪತ್ತು, ಬಂದ್ ದಿನ. ಬೆಳಿಗ್ಗೆ ಎಂಟಕ್ಕೆ ಶ್ರೀನಿವಾಸಪುರದಿಂದ ಫೋನ್ ಬಂತು. ದೊಡ್ಡಮ್ಮನಿಗೆ ಉಸಿರು ಕಟ್ಟುತ್ತಿದೆ, ಡಾಕ್ಟರು ಕೈ ಬಿಟ್ಟಿದ್ದಾರೆ, ನಿನ್ನೆಯಿಂದ ಶಾಮಲಾ ಶಾಮಲಾ ಅಂತ ತಂಗಿಯ ಹೆಸರೇ ಹೇಳುತ್ತಿದ್ದಾರೆ ಅಂದರು. ಅತ್ತೆ ಮತ್ತು ಅವರ ಅಕ್ಕ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ನಮ್ಮ ಮದುವೆಯಲ್ಲಿ ಆರತಿಗೆ ತನಗಿಂತ ಮೊದಲು ಬೇರೆಯವರನ್ನು ಕರೆದರು ಅಂತ ದೊಡ್ಡಮ್ಮ ಊಟ ಮಾಡದೆ ಹೋದದ್ದು ನಿಮಗೂ ಗೊತ್ತು. ಫೋನ್ ಇಟ್ಟ ಮೇಲೆ ಅತ್ತೆ ಸೀರೆ ಬದಲಾಯಿಸಿಕೊಂಡು ಬಂದು ಬಾಗಿಲಲ್ಲಿ ಚೀಲ ಹಿಡಿದು ನಿಂತರು.

ಬಸ್ ಸ್ಟ್ಯಾಂಡಿನ ತನಕ ಹೋಗಿ ನೋಡಿದೆ. ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಆಟೋದವರ ಮನೆಗೆ ಹೋಗಿ ಕೇಳಿದೆ, ಕಲ್ಲು ಹೊಡೀತಾರೆ ಮೇಡಂ, ಗಾಜು ಹೋದ್ರೆ ಯಾರು ಕೊಡ್ತಾರೆ ಅಂದರು. ಆಮೇಲೆ ಮಾಲೂರಿಗೆ, ನಿಮ್ಮ ರೂಮಿನ ಓನರ್ ಮನೆಗೆ ಫೋನ್ ಮಾಡಿದೆ. ನೀವು ಏನಂದಿರಿ ನೆನಪಿದೆಯೇ? “ನಾಳೆ ಬಸ್ ಬಿಡ್ತಾರೆ, ನಾಳೆ ಹೋಗಿ” ಅಂದಿರಿ. ನಾನು, ಮನೆಯಲ್ಲಿ ಗಾಡಿ ಇದೆಯಲ್ಲ ಅಂದೆ. “ಗಾಡಿ ಇದ್ರೆ? ಓಡಿಸೋರು ಯಾರು? ಯಾರ ಕೈಗೂ ಕೊಡ್ಬೇಡ ಅದನ್ನ” ಅಂದಿರಿ.

ಓಡಿಸೋರು ಯಾರು ಅಂತ ನೀವು ಕೇಳಿದಾಗ ಬಾಯಿಗೆ ಬಂದ ಉತ್ತರ ನುಂಗಿಕೊಂಡೆ. ಆರು ವರ್ಷದಿಂದ ನುಂಗಿಕೊಂಡೇ ಇದ್ದೆ. ಈಗ ಕೇಳಿ.

ಶೇಕದಾರರಾಗಿ ಕಂದಾಯದ ಕೆಲಸಕ್ಕೆ ಇದೇ ಗಾಡಿಯಲ್ಲಿ ಊರೂರು ಸುತ್ತಿದ ಮಾವನವರು ನನಗೆ ಜಾವಾ ಕಲಿಸಿದ್ದು ತೊಂಬತ್ತೈದರ ಬೇಸಿಗೆ ರಜೆಯಲ್ಲಿ. ವಿಭಾಗೆ ಆಗ ಎರಡು ವರ್ಷ. ನೀವು ಬೆಳಿಗ್ಗೆ ಕೋಲಾರದ ಬಸ್ ಹತ್ತಿದರೆ ಬರುತ್ತಿದ್ದದ್ದು ಏಳಕ್ಕೆ. ಒಂದು ದಿನ ಮಾವ ಅಂಗಳದಲ್ಲಿ ಗಾಡಿ ಒರೆಸುತ್ತಾ, ಕಾಲೇಜಿನಲ್ಲಿ ಲೂನಾ ಓಡಿಸುತ್ತಿದ್ದೆಯಂತಲ್ಲಮ್ಮಾ, ಇದನ್ನು ಓಡಿಸ್ತೀಯಾ ಅಂತ ಕೇಳಿದರು. ನಾನು ತಮಾಷೆ ಅಂದುಕೊಂಡೆ. ಅತ್ತೆ ಒಳಗೆ ಕರೆದುಕೊಂಡು ಹೋಗಿ ತಮ್ಮ ಹಾಗೆಯೇ ನನಗೂ ಕಚ್ಚೆ ಹಾಕಿ ಸೀರೆ ಉಡಿಸಿದರು. ಆ ವರ್ಷ ಕೆರೆ ಪೂರ್ತಿ ಒಣಗಿತ್ತು. ಕೆರೆ ಅಂಗಳದಲ್ಲಿ ನೆಲ ಹೆಂಚಿನ ಹಾಗೆ ಗಟ್ಟಿ. ಅಲ್ಲಿ ಕಲಿತೆ.

ನಿಮಗೆ ಆ ಗಾಡಿಯ ಒಂದೊಂದು ನಟ್ಟೂ ಗೊತ್ತು. ಆದರೆ ಅದರ ಮೇಲೆ ಕೂತವರಿಗೆ ಅದು ಏನು ಮಾಡುತ್ತದೆ ಅಂತ ಗೊತ್ತಿಲ್ಲ. ಪೆಟ್ರೋಲಿನ ನಲ್ಲಿ ತಿರುಗಿಸಿ, ಕಾರ್ಬುರೇಟರಿನ ಮೇಲಿನ ಸಣ್ಣ ಗುಂಡಿ ಒತ್ತಿ ಬೆರಳಿಗೆ ಪೆಟ್ರೋಲ್ ತಣ್ಣಗೆ ತಾಗುವ ತನಕ ಕಾದು, ಎಡಗಾಲಲ್ಲಿ ಕಿಕ್ ಹೊಡೆಯಬೇಕು. ಎಂಜಿನ್ ಎದ್ದ ಮೇಲೆ ಅದೇ ಕಿಕ್ಕರನ್ನು ಮುಂದಕ್ಕೆ ಮಡಚಿದರೆ ಅದೇ ಗೇರು. ಮೊದಲ ದಿನ ಇದೇನು ವಿಚಿತ್ರ ಅನ್ನಿಸಿತ್ತು, ವಾರ ಕಳೆಯುವಷ್ಟರಲ್ಲಿ ಕಾಲು ತಾನೇ ಆ ಕೆಲಸ ಮಾಡಿಕೊಂಡು ಹೋಗುತ್ತಿತ್ತು. ಮೊದಲನೇ ಗೇರಿನಲ್ಲಿ ಅದು ಗೊಣಗುತ್ತದೆ. ಎರಡು, ಮೂರು. ನಾಲ್ಕಕ್ಕೆ ಬಿದ್ದ ಕೂಡಲೇ ಎರಡು ಸೈಲೆನ್ಸರಿನ ಶಬ್ದವೂ ಸೇರಿ ಒಂದಾಗಿ, ಕೆಳಗೆ ಯಂತ್ರ ಇದೆ ಅನ್ನುವುದೇ ಮರೆತುಹೋಗುತ್ತದೆ. ಮಣಿಕಟ್ಟಿನಲ್ಲಿ ಸಣ್ಣ ನಡುಕ, ಪಾದಕ್ಕೆ ಎಂಜಿನ್ನಿನ ಬಿಸಿ, ಗಾಳಿಗೆ ಕಣ್ಣಲ್ಲಿ ನೀರು. ಕಾಲೇಜಿನ ಆ ಲೂನಾ ಬಿಟ್ಟರೆ ಮೂವತ್ತು ವರ್ಷ ನಾನು ಯಾರ ಜೊತೆಯಾದರೂ, ಯಾರ ಹಿಂದೆಯಾದರೂ, ಯಾವುದಾದರೂ ಬಸ್ಸಿನ ಕಿಟಕಿಯಲ್ಲಿ ಕೂತು ಹೋಗಿದ್ದೆ. ಮೊದಲ ಸಲ ಒಬ್ಬಳೇ ಕೆರೆ ಏರಿ ತನಕ ಹೋಗಿ ತಿರುಗಿಸಿಕೊಂಡು ಬಂದಾಗ ಮಾವ ಟವೆಲ್ ಬೀಸುತ್ತಾ ಕುಣಿಯುತ್ತಿದ್ದರು. ನಾನು ಗಾಡಿ ನಿಲ್ಲಿಸಿ ಅತ್ತುಬಿಟ್ಟೆ. ಯಾಕೆ ಅಂತ ಕೇಳಬೇಡಿ, ಖುಷಿಗೆ.

ಮಾವ ಹೋದ ಮೇಲೆ ಗಾಡಿ ನಿಮ್ಮ ಕೈಗೆ ಬಂತು. ನೀವು ಕ್ರೋಮ್ ಮಾಡಿಸಿದಿರಿ, ಮೆರೂನ್ ಬಣ್ಣ ಹೊಡೆಸಿದಿರಿ, ಬೆಂಗಳೂರಿನ ಪ್ರದರ್ಶನಕ್ಕೆ ಟೆಂಪೋದಲ್ಲಿ ಹಾಸಿಗೆ ಸುತ್ತಿ ಕಳಿಸಿ ಎರಡನೇ ಬಹುಮಾನ ತಂದಿರಿ. ಯಾಕೆ ಓಡಿಸಿಕೊಂಡು ಬರಲಿಲ್ಲ ಅಂತ ಯಾರಾದರೂ ಕೇಳಿದರೆ, ಹಳೇ ಗಾಡಿಗೆ ಕಿಲೋಮೀಟರ್ ಸೇರಿಸಬಾರದು ಅನ್ನುತ್ತಿದ್ದಿರಿ. ಪ್ರತಿ ಭಾನುವಾರ ಅದನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು, ಸ್ಟ್ಯಾಂಡ್ ಹಾಕಿ, ಐದು ನಿಮಿಷ ಸ್ಟಾರ್ಟ್ ಮಾಡಿ, ಮತ್ತೆ ಒಳಗೆ ತಳ್ಳಿ ಹಳೇ ಪಂಚೆ ಹೊದಿಸುತ್ತಿದ್ದಿರಿ.

ಫೆಬ್ರವರಿಯಲ್ಲಿ ನಿಮಗೆ ಮಾಲೂರಿಗೆ ವರ್ಗ ಆಗಿ, ಮನೆಗೆ ಬರುವುದು ಭಾನುವಾರ ಮಾತ್ರ ಆಯಿತಲ್ಲ. ಅವತ್ತಿನಿಂದ ವಾರಕ್ಕೆ ಎರಡು ದಿನ ಬೆಳಿಗ್ಗೆ ಆರು ಗಂಟೆಗೆ ಹಿತ್ತಲ ಓಣಿಯಿಂದ ಗಾಡಿ ತಳ್ಳಿಕೊಂಡು ಅಕ್ಬರ್ ಭಾಯಿಯ ಗ್ಯಾರೇಜಿನ ತನಕ ಹೋಗಿ, ಅಲ್ಲಿ ಸ್ಟಾರ್ಟ್ ಮಾಡಿ ನಂಗಲಿ ಕಡೆಗೆ ಹೋಗಿ ಬರುತ್ತಿದ್ದೆ. ಸ್ಪೀಡೋಮೀಟರ್ ಕೇಬಲ್ ಬಿಚ್ಚಿಟ್ಟು ಹೋಗುತ್ತಿದ್ದೆ, ನಿಮಗೆ ಕಿಲೋಮೀಟರ್ ಲೆಕ್ಕ ತಪ್ಪಬಾರದಲ್ಲ. ಹೇಗೆ ಬಿಚ್ಚುವುದು ಅಂತ ತೋರಿಸಿದ್ದು ಅಕ್ಬರ್ ಭಾಯಿ. ಅವರ ಮೇಲೆ ಸಿಟ್ಟು ಮಾಡಬೇಡಿ. “ಅಕ್ಕಾ, ಸಾರ್‌ಗೆ ನೀವೇ ಹೇಳ್ಬಿಡಿ, ನನ್ಗೆ ಅವ್ರ ಮುಖ ನೋಡಕ್ಕೆ ಆಗಲ್ಲ” ಅಂತ ಎಷ್ಟು ಸಲ ಹೇಳಿದರೋ. ಅವರ ಹೆಂಡತಿ ಬೀಬಿಜಾನ್‌ಗೆ ಗೊತ್ತಿತ್ತು. ಹಾಲಿನವರಿಗೆ, ಚಿತ್ತೂರಿನ ಮೊದಲ ಬಸ್ಸಿನ ಡ್ರೈವರಿಗೆ, ದಾರಿಯ ಟೀ ಅಂಗಡಿಯವರಿಗೆ ಗೊತ್ತಿತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲ. ಗಾಡಿ ಒಂದೇ ಕಿಕ್ಕಿಗೆ ಏಳುತ್ತಿದೆ ನೋಡು, ವಾರವಾರ ಸ್ಟಾರ್ಟ್ ಮಾಡಿದ್ದರ ಫಲ ಅಂತ ನೀವು ಒಂದು ಭಾನುವಾರ ಹೆಮ್ಮೆಯಿಂದ ಹೇಳಿದಾಗ ನಾನು ಅಡುಗೆಮನೆಗೆ ಹೋಗಿ ನಿಂತೆ.

ಇದು ತಪ್ಪು. ಓಡಿಸಿದ್ದಲ್ಲ, ಮುಚ್ಚಿಟ್ಟದ್ದು. ಅದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಬಂದ್ ದಿನಕ್ಕೆ ಬರುತ್ತೇನೆ. ಫೋನ್ ಇಟ್ಟು ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದರು. “ಏನಂದ?” ಅಂತ ಕೇಳಿದರು. ನಾಳೆ ಅಂದ್ರು ಅಂದೆ. “ನಾಳೆ ಅವಳಿರ್ತಾಳಾ?” ಅಂದರು. ಆಮೇಲೆ ನನ್ನ ಸೀರೆಯ ನೆರಿಗೆ ಹಿಡಿದು, “ಬಾ, ಕಚ್ಚೆ ಹಾಕ್ತೀನಿ” ಅಂದರು. ವಿಭಾನ ಬೀಬಿಜಾನ್ ಮನೆಯಲ್ಲಿ ಬಿಟ್ಟು ಒಂಬತ್ತೂವರೆಗೆ ಹೊರಟೆವು. ಗೇರಿನ ಗಾಡಿಗೆ ಆಗ ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಹೋದ ವಾರ ಕೋಲಾರಕ್ಕೆ ಹೋಗಿ ಪರೀಕ್ಷೆ ಕೊಟ್ಟು ತೆಗೆದುಕೊಂಡೆ. ಎಂಟರ ಆಕಾರದಲ್ಲಿ ಓಡಿಸಿ ತೋರಿಸು ಅಂದರು, ಎರಡು ಸಲ ತೋರಿಸಿದೆ.

ಅರವತ್ತೇಳು ವರ್ಷದ ಅತ್ತೆ ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತು, ನನ್ನ ಸೊಂಟ ಹಿಡಿದು, ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡರು. ಊರು ದಾಟುವ ತನಕ ಉಸಿರೇ ಬಿಡಲಿಲ್ಲ. ಖಾಲಿ ರಸ್ತೆ. ಒಂದು ಲಾರಿ ಇಲ್ಲ, ಟೊಮ್ಯಾಟೊ ಕ್ರೇಟಿನ ಟೆಂಪೋ ಇಲ್ಲ. ಮಾವಿನ ತೋಪುಗಳು ಶುರುವಾದ ಮೇಲೆ ಬಿಸಿಲು ನೆರಳು, ಬಿಸಿಲು ನೆರಳು. ನೆರಳಿಗೆ ಹೊಕ್ಕಾಗ ಕೈಗೆ ತಣ್ಣನೆ ಗಾಳಿ, ಹೊರಗೆ ಬಂದರೆ ಮುಖಕ್ಕೆ ಬೆಚ್ಚಗೆ. ದೊಡ್ಡಮ್ಮ ಸಾಯುತ್ತಿದ್ದಾರೆ ಅಂತ ಹೊರಟವರು ನಾವು. ಆದರೂ ನಾಲ್ಕನೇ ಗೇರಿನಲ್ಲಿ ಅದು ಹಾಡುತ್ತಾ ಹೋಗುವಾಗ ನನಗೆ ಒಳಗಿಂದ ಉಕ್ಕಿ ಬಂದದ್ದು ದುಃಖವಲ್ಲ. ನಾಚಿಕೆಯಾಯಿತು. ಆಗ ಅತ್ತೆ ನನ್ನ ಕಿವಿಯ ಹತ್ತಿರ ಬಂದು, “ನಿಧಾನ ಮಾಡಬೇಡ, ಹಿಂಗೇ ಹೋಗು” ಅಂದರು.

ಮುಂದೆ ಒಂದು ತಿರುವಿನಲ್ಲಿ ರಸ್ತೆ ರಿಪೇರಿಗೆ ಜಲ್ಲಿ ಸುರಿದಿದ್ದರು. ನಾನು ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಹಿಡಿಯಬಾರದಿತ್ತು, ಮಾವ ನೂರು ಸಲ ಹೇಳಿದ್ದರು. ಚಕ್ರ ಜಾರಿ ಬಲಕ್ಕೆ ಬಿದ್ದೆವು. ಟ್ಯಾಂಕಿಗೆ ರಸ್ತೆ ಪಕ್ಕದ ಮೈಲಿಕಲ್ಲು ತಾಗಿತು. ಅದೇ ನಿಮ್ಮ ನೆಗ್ಗು. ಅಂಗೈಗಿಂತ ಚಿಕ್ಕದು, ಹೆಬ್ಬೆರಳಿಗಿಂತ ದೊಡ್ಡದು, ಕ್ರೋಮ್ ಎರಡು ಕಡೆ ಬಿರಿದಿದೆ. ಮೊದಲಿನ ಎರಡು ಕಾಗದಕ್ಕೂ ಉತ್ತರ ಸಿಕ್ಕಿತಲ್ಲ?

ನನ್ನ ಮಂಡಿ ಜಲ್ಲಿಗೆ ಉಜ್ಜಿ ಸೀರೆ ಹರಿದು ರಕ್ತ ಬರುತ್ತಿತ್ತು. ಅತ್ತೆ ಮರಳಿನ ಗುಡ್ಡೆಯ ಮೇಲೆ ಬಿದ್ದಿದ್ದರು. ನಾನು ಕಿರುಚಿಕೊಂಡು ಹೋದರೆ ಎದ್ದು ಕೂತು, ಕನ್ನಡಕ ಹುಡುಕಿ ಹಾಕಿಕೊಂಡು, “ನನ್ಗೇನಾಗಿಲ್ಲ, ಪೆಟ್ರೋಲ್ ಸೋರ್ತಿದೆ ನೋಡು, ಮೊದಲು ಗಾಡಿ ಎತ್ತು” ಅಂದರು. ಇಬ್ಬರೂ ಸೇರಿ ಎತ್ತಿದೆವು. ಫುಟ್‌ರೆಸ್ಟ್ ಬಾಗಿತ್ತು, ಕಲ್ಲಿನಲ್ಲಿ ಹೊಡೆದು ನೇರ ಮಾಡಿದೆ. ಎಂಟು ಕಿಕ್ ಹೊಡೆದರೂ ಏಳಲಿಲ್ಲ. ಒಂಬತ್ತನೆಯದಕ್ಕೆ ಎದ್ದಿತು. ಮತ್ತೆ ಹತ್ತಿ ಅಂತ ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವರೇ ಹತ್ತಿ ಕೂತರು. “ಪದ, ಪೋದಾಂ” ಅಂದರು. ಅವರಿಗೆ ಭಯವಾದಾಗ ತೆಲುಗು ಬರುತ್ತದೆ ಅಂತ ನಿಮಗೆ ಗೊತ್ತು. ನಡಿ, ಹೋಗೋಣ ಅಂದಷ್ಟೆ, ಆದರೆ ದನಿ ಒಡೆದಿತ್ತು.

ಶ್ರೀನಿವಾಸಪುರದ ಹೊರಗೆ ಟೈರ್ ಸುಟ್ಟು ದಾರಿ ಕಟ್ಟಿದ್ದರು. ಹತ್ತು ಹದಿನೈದು ಜನ ಕೋಲು ಹಿಡಿದು ನಿಂತಿದ್ದರು. ಇಳೀರಿ ಕೆಳಗೆ ಅಂತ ಒಬ್ಬ ಹ್ಯಾಂಡಲ್ ಹಿಡಿದುಕೊಂಡ. ನಾನು ಇಳಿಯಲಿಲ್ಲ, ಇಳಿದರೆ ಮತ್ತೆ ಎಂಟು ಕಿಕ್ ಹೊಡೆಯುವ ಶಕ್ತಿ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ನರೆಗೂದಲಿನವರೊಬ್ಬರು ಬಂದು ಗಾಡಿಯ ಸುತ್ತ ಒಂದು ಸಲ ನೋಡಿ, “ಇದು ಶೇಕದಾರ್ ಸಾಹೇಬ್ರ ಗಾಡಿ ಅಲ್ವೇನಮ್ಮಾ? ದೂರದಿಂದ ಶಬ್ದ ಕೇಳಿಸ್ದಾಗ್ಲೇ ಅನ್ಕೊಂಡೆ” ಅಂದರು. ಅತ್ತೆ ಹಿಂದಿನಿಂದ, “ಹೌದಪ್ಪಾ, ನಾನು ಅವ್ರ ಹೆಂಡ್ತಿ. ನಮ್ಮಕ್ಕ ಸಾಯ್ತಾ ಇದ್ದಾಳೆ, ದಾರಿ ಬಿಡಿ” ಅಂದರು. ಬಿಟ್ಟರು. ಒಬ್ಬ ಕಾಲಿನಿಂದ ಟೈರನ್ನು ಪಕ್ಕಕ್ಕೆ ತಳ್ಳಿದ.

ದೊಡ್ಡಮ್ಮನಿಗೆ ಜ್ಞಾನ ಇತ್ತು. ತಂಗಿಯನ್ನು ನೋಡಿ ಅವರು ಕೇಳಿದ ಮೊದಲ ಮಾತು, ಬಸ್ಸಿಲ್ಲ ಅಂತಾರೆ, ಹೆಂಗೆ ಬಂದೆಯೇ ಅಂತ. ಸೊಸೆ ಜಾವಾ ಮೇಲೆ ಕರ್ಕೊಂಡು ಬಂದ್ಲು ಅಂತ ಅತ್ತೆ ಹೇಳಿದಾಗ ಅವರಿಗೆ ನಗು ಬಂದು, ನಗು ಕೆಮ್ಮಾಗಿ, ಎದೆ ನೀವಬೇಕಾಯಿತು. ಆಮೇಲೆ ಅಕ್ಕ ತಂಗಿ ಇಬ್ಬರೂ ಕೈ ಹಿಡಿದುಕೊಂಡು ಸಂಜೆಯ ತನಕ ಮಾತಾಡಿದರು. ಆರತಿಯ ಮಾತು ಒಂದು ಸಲವೂ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ದೊಡ್ಡಮ್ಮನ ಮಾತು ನಿಂತುಹೋಯಿತು. ನೀವು ಹೇಳಿದ ಬಸ್ಸು ಬಂದದ್ದು ಅವತ್ತು ಮಧ್ಯಾಹ್ನ. ನಾಲ್ಕನೇ ದಿನ ಅವರು ಹೋದರು.

ನಾನು ನಿಮಗೆ ಫೋನ್ ಮಾಡಿ, ಗಾಡಿಯಲ್ಲಿ ಬಂದೆವು, ನಾನೇ ಓಡಿಸಿದೆ, ದಾರಿಯಲ್ಲಿ ಬಿದ್ದೆವು ಅಂದೆ. ನೀವು “ಗಾಡಿಗೇನಾಯ್ತು?” ಅಂದಿರಿ. ಆ ಪ್ರಶ್ನೆಯನ್ನು ಎರಡು ತಿಂಗಳಿಂದ ಅಗಿಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಾ ಅರ್ಧಕ್ಕೆ ನಿಲ್ಲಿಸಿ ನಿಂತುಬಿಡುತ್ತೇನೆ. ಮಕ್ಕಳು ಮೇಡಂ ಅಂತ ಕರೆಯುತ್ತಾರೆ. ಕೋಪ ಬಂದರೆ ಕೂಗಾಡಿ ಮುಗಿಸಬಹುದು. ಇದು ಕೋಪ ಅಲ್ಲ, ಗಂಟಲಲ್ಲಿ ಕೂತ ಮಾತ್ರೆಯ ಹಾಗೆ, ನೀರು ಕುಡಿದರೂ ಇಳಿಯುವುದಿಲ್ಲ.

ಆದರೆ ನೀವು ಭಾನುವಾರಗಳಲ್ಲೂ ಮನೆಗೆ ಬಾರದೆ ಮಾಲೂರಿನಲ್ಲೇ ಉಳಿದುಬಿಟ್ಟದ್ದು ನೆಗ್ಗಿಗಾಗಿ ಅಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಮೂರು ಕಾಗದದಲ್ಲಿ ನೀವು ಅದನ್ನು ಬರೆಯಲಿಲ್ಲ, ಇಷ್ಟು ಪುಟದಲ್ಲಿ ನಾನೂ ಅದರ ಸುತ್ತಲೇ ಓಡಾಡುತ್ತಿದ್ದೇನೆ. ಬರೆದುಬಿಡುತ್ತೇನೆ.

ಶ್ರೀನಿವಾಸಪುರದಲ್ಲಿ ಹದಿಮೂರನೇ ದಿನದ ಊಟ. ನೀವು ಮಾಲೂರಿನಿಂದ ನೇರ ಅಲ್ಲಿಗೆ ಬಂದಿದ್ದಿರಿ. ಪಂಕ್ತಿಯಲ್ಲಿ ನಿಮ್ಮ ಪಕ್ಕ ದೊಡ್ಡಮ್ಮನ ಪಕ್ಕದ ಮನೆಯ ಮಾವಿನ ಮಂಡಿ ಚನ್ನರಾಯಪ್ಪನವರು ಕೂತಿದ್ದರು. ಎಲ್ಲರೂ ಬಂದ್ ದಿನದ ಮಾತೇ ಆಡುತ್ತಿದ್ದರು. ಅವರು ನಿಮ್ಮ ಬೆನ್ನು ತಟ್ಟಿ, “ಏನ್ ಕಿಶೋರಪ್ಪಾ, ಹೆಂಡ್ತಿಗೆ ಗಾಡಿ ಭೇಷಾಗಿ ಕಲ್ಸಿದ್ದೀಯ” ಅಂದರು. ನೀವು ಎಲೆ ನೋಡುತ್ತಾ, “ಹೂಂ, ಕಲಿಸಿದೆ” ಅಂದಿರಿ. ಎದುರಿಗೆ ಕೂತಿದ್ದ ವಿಭಾ, “ಅಪ್ಪಂಗೆ ಓಡ್ಸಕ್ಕೇ ಬರಲ್ಲ! ಅಪ್ಪ ಬರೀ ತಳ್ತಾರೆ. ಅಮ್ಮಂಗೆ ಕಲ್ಸಿದ್ದು ತಾತ” ಅಂದಳು. ಎಂಟು ವರ್ಷದ ಮಗು, ಅಜ್ಜಿ ಹೇಳಿದ್ದನ್ನು ಹೇಳಿತು. ಇಡೀ ಪಂಕ್ತಿ ನಕ್ಕಿತು.

ನಾನು ಸಾರಿನ ಪಾತ್ರೆ ಹಿಡಿದು ನಿಮ್ಮಿಂದ ಎರಡು ಎಲೆ ಆಚೆ ನಿಂತಿದ್ದೆ. ನಾನೂ ನಕ್ಕೆ.

ನೀವು ತಲೆಯೆತ್ತಿ ನೋಡಿದ್ದು ನಗುತ್ತಿದ್ದ ಬೇರೆ ಯಾರನ್ನೂ ಅಲ್ಲ, ನನ್ನನ್ನು. ಪಾಯಸ ಬರುವ ಮೊದಲೇ ಎದ್ದು ಕೈ ತೊಳೆದು ಹೋದಿರಿ. ಬಸ್ ಸ್ಟ್ಯಾಂಡಿನ ತನಕ ನಾನು ಬರಬೇಕಿತ್ತು. ಬಡಿಸುವ ಕೆಲಸ ಇದೆ ಅಂತ ನನಗೆ ನಾನೇ ಹೇಳಿಕೊಂಡು ನಿಂತುಬಿಟ್ಟೆ.

ಅವತ್ತು ಮನೆಗೆ ಬಂದ ಮೇಲೆ ಅತ್ತೆ ನನಗೆ ಒಂದು ವಿಷಯ ಹೇಳಿದರು. ಹತ್ತು ವರ್ಷದಲ್ಲಿ ನೀವಾಗಲಿ, ಮಾವನಾಗಲಿ, ಅವರಾಗಲಿ ಹೇಳದೇ ಇದ್ದದ್ದು. ನಿಮಗೆ ಹದಿನೇಳು ವರ್ಷವಾಗಿದ್ದಾಗ ಮಾವ ಹಿಂದೆ ಕೂತು ನಿಮಗೆ ಜಾವಾ ಕಲಿಸಲು ಹೋಗಿದ್ದು, ಹೋಟೆಲ್ ಮುಂದೆ, ನಿಮ್ಮ ಕಾಲೇಜಿನ ಸ್ನೇಹಿತರೆಲ್ಲ ನಿಂತಿದ್ದಾಗ ನೀವು ಬೀಳಿಸಿದ್ದು. ಮಾವ ಎದ್ದು ಅಲ್ಲೇ ನಿಮ್ಮ ಕೆನ್ನೆಗೆ ಹೊಡೆದು, ನಿನಗೆ ಎತ್ತಿನ ಗಾಡಿಯೇ ಸರಿ ಅಂದದ್ದು. ಆಮೇಲೆ ಎಷ್ಟೋ ವರ್ಷ ಮನೆಗೆ ಬಂದವರಿಗೆಲ್ಲ, ಇವನು ನಮ್ಮ ಎತ್ತಿನ ಗಾಡಿ ಸಾಹೇಬ ಅಂತ ಪರಿಚಯ ಮಾಡಿಸುತ್ತಿದ್ದದ್ದು.

ನನಗೆ ಕಲಿಸಿದ ಮಾವ ಒಂದು ದಿನವೂ ದನಿ ಎತ್ತಿದವರಲ್ಲ. ನಾನು ಹತ್ತು ಸಲ ಎಂಜಿನ್ ಆಫ್ ಮಾಡಿಕೊಂಡರೂ ಹನ್ನೊಂದನೇ ಸಲ ನಗುತ್ತಾ ಹೇಳಿಕೊಟ್ಟವರು. ಅದು ನನ್ನ ಮೇಲಿನ ಪ್ರೀತಿ ಅಂತ ಆರು ವರ್ಷ ನಂಬಿದ್ದೆ. ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕೆರೆ ಅಂಗಳದಲ್ಲಿ ಒಂದು ದಿನ ಅವರು, “ಮಗನಿಂದ ಆಗದ್ದು ಸೊಸೆ ಮಾಡಿದ್ಲು ನೋಡು” ಅಂತ ಜೋರಾಗಿ ಅಂದದ್ದು ಈಗ ಬೇರೆ ಥರ ಕೇಳಿಸುತ್ತಿದೆ. ನೀವು ಎದುರಿಗಿಲ್ಲದಿದ್ದರೂ ನಿಮ್ಮನ್ನು ಚುಚ್ಚಲು ಅವರು ನನ್ನನ್ನು ಮೊನೆ ಮಾಡಿಕೊಳ್ಳುತ್ತಿದ್ದರು. ನನಗೆ ಆಗಲೂ ಸ್ವಲ್ಪ ಅನುಮಾನ ಇತ್ತು. ಓಡಿಸುವ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ.

ನೀವು ಆ ಗಾಡಿಯನ್ನು ವಾರವಾರ ಒರೆಸುತ್ತಿದ್ದದ್ದು ಯಾಕೆ ಅಂತಲೂ ಈಗ ಒಂದಿಷ್ಟು ಗೊತ್ತಾಗುತ್ತಿದೆ. ಪೂರ್ತಿ ಗೊತ್ತಾಗಲು ನೀವು ಹೇಳಬೇಕು. ಹೇಳುವುದಿಲ್ಲವಲ್ಲ, ಅದಕ್ಕೇ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುವುದು. ನೋವಾಯಿತು ಅಂತ ಒಂದು ಸಾಲು ಬರೆದಿದ್ದರೆ ಅವತ್ತೇ ಬಸ್ ಹತ್ತಿ ಬರುತ್ತಿದ್ದೆ. ನೀವು ಕ್ರೋಮಿನ ಬಗ್ಗೆ ಬರೆದಿರಿ. ನೀವು ಕ್ರೋಮ್ ಅಂದಷ್ಟೂ ನಾನು ಮಂಡಿ ಅಂದೆ. ಇಬ್ಬರೂ ಓದಿದವರು.

ನಕ್ಕದ್ದಕ್ಕೆ ಕ್ಷಮಿಸಿ. ಮುಚ್ಚಿಟ್ಟದ್ದಕ್ಕೂ ಕ್ಷಮಿಸಿ. ಬಂದ್ ದಿನ ಗಾಡಿ ತೆಗೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಆ ದಿನ ಮತ್ತೆ ಬಂದರೆ ಮತ್ತೆ ತೆಗೆಯುತ್ತೇನೆ.

ಇನ್ನು ಮಾರುವ ವಿಷಯ. ಬೆಂಗಳೂರಿನವರಿಗೆ ವ್ಯಾನು ತರಬೇಡಿ ಅಂತ ತಿಳಿಸಿಬಿಡಿ. ಆರ್‌ಸಿ ಇನ್ನೂ ಮಾವನ ಹೆಸರಲ್ಲೇ ಇದೆ, ಅತ್ತೆಯ ಸಹಿ ಇಲ್ಲದೆ ಅದು ಅಂಗಳ ದಾಟುವುದಿಲ್ಲ. ಅವರು ಸಹಿ ಹಾಕುವುದಿಲ್ಲವಂತೆ. “ಹೊಡೆದ ಕೈ ಹೋಯ್ತು, ಗಾಡಿ ಏನು ಮಾಡಿತ್ತು ಅಂತ ಕೇಳು” ಅಂದರು. ನನ್ನ ಮಾತು ಬೇರೆ. ಆ ಗಾಡಿ ನೋಡಿದರೆ ನಿಮಗೆ ನಿಜವಾಗಿಯೂ ಉಸಿರು ಕಟ್ಟುತ್ತದೆ ಅನ್ನುವುದಾದರೆ ನಾನೇ ಅತ್ತೆಯ ಕಾಲು ಹಿಡಿದು ಸಹಿ ಹಾಕಿಸುತ್ತೇನೆ. ನಾನು ಅದನ್ನು ಓಡಿಸದೆ ಬದುಕಬಲ್ಲೆ. ಸುಲಭವಲ್ಲ, ಆದರೆ ಆಗುತ್ತದೆ. ಆದರೆ ಅದನ್ನು ನನ್ನ ಮುಂದೆ ಕೂತು, ಬಾಯಿ ಬಿಟ್ಟು ಹೇಳಿ. ನಾಲ್ಕು ಸಾಲಿನ ಕಾಗದಕ್ಕೆ ನಾನು ಆ ಗಾಡಿ ಬಿಟ್ಟುಕೊಡುವುದಿಲ್ಲ.

ವಿಭಾ ಕೆಮ್ಮುತ್ತಿದ್ದಾಳೆ, ಕಷಾಯ ಇಡಬೇಕು. ಅವಳಿಗೆ ನಾನು ಬೈಯಲಿಲ್ಲ. ಅಪ್ಪ ಯಾವಾಗ ಬರ್ತಾರೆ ಅಂತ ದಿನಾ ಕೇಳುವುದನ್ನು ಈ ವಾರದಿಂದ ನಿಲ್ಲಿಸಿದ್ದಾಳೆ. ಕೇಳುತ್ತಿದ್ದಾಗಲೇ ಚೆನ್ನಾಗಿತ್ತು.

ಇತಿ ನಿಮ್ಮ
ಅನಂತಲಕ್ಷ್ಮಿ

ತಾ.ಕ.: ಇವತ್ತು ಶನಿವಾರ, ಮಧ್ಯಾಹ್ನ ಹನ್ನೆರಡೂಕಾಲು. ಇಂಕು ಬೇರೆ ಬಣ್ಣ, ಯಾಕೆಂದರೆ ಪೆನ್ನು ಹೋಟೆಲಿನ ಗಲ್ಲಾದವರದು. ಲಕೋಟೆಗೆ ಅಂಚೆಚೀಟಿ ಇಲ್ಲದ್ದು ನೋಡಿರಬೇಕು. ಬೆಳಿಗ್ಗೆ ಪೋಸ್ಟ್ ಡಬ್ಬದ ತನಕ ಹೋದೆ. ಇದನ್ನು ಹಾಕಿದರೆ ನೀವು ನಾಲ್ಕನೇ ಕಾಗದ ಬರೆಯುತ್ತೀರಿ, ನಾನು ಎರಡನೆಯದು ಬರೆಯುತ್ತೇನೆ, ಹೀಗೇ ಸಂಕ್ರಾಂತಿ ಬರುತ್ತದೆ ಅನ್ನಿಸಿತು. ಸ್ಕೂಲಿಗೆ ರಜೆ ಹೇಳಿ ಜಾವಾ ತೆಗೆದೆ. ಕೋಲಾರದ ತನಕ ಹೆದ್ದಾರಿಯಲ್ಲಿ ಲಾರಿಗಳು ಪಕ್ಕದಲ್ಲೇ ಹೋಗುವಾಗ ಕೈಕಾಲು ತಣ್ಣಗಾಗಿ ಎರಡು ಸಲ ಗಾಡಿ ನಿಲ್ಲಿಸಿ ಮರದ ಕೆಳಗೆ ಕೂತೆ. ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ನನಗೂ ಭಯವಾಗುತ್ತದೆ ರೀ, ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಈ ಕಾಗದವನ್ನು ನಿಮ್ಮ ಬ್ಯಾಂಕಿನ ವಾಚ್‌ಮನ್ ಕೈಗೆ ಕೊಟ್ಟು ಎದುರು ಹೋಟೆಲಿನಲ್ಲಿ ಬಾಗಿಲ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ. ನಿಮಗೆ ಅರ್ಧ ದಿನ ಅಂತ ಗೊತ್ತು. ಒಳಗೆ ಬಂದು ಎಲ್ಲರ ಮುಂದೆ ಕರೆಯುವುದಿಲ್ಲ. ಬರುವುದಾದರೆ ಒಂದೇ ಜೊತೆ ಬಟ್ಟೆ ತನ್ನಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ.